ಗಾಳಿಯಲ್ಲ, ಗಡ್ಡೆ

ಆಳಂದದ ಕಡೆಯಿಂದ ಬರುವ ಅಮರ್ಜಾ ನದಿ ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಗಾಳಿ ಸೋಕಿದೆಯೆಂದು ಮನೆಯವರು ನಂಬಿದವರನ್ನು ಈ ಸಂಗಮದಲ್ಲಿ ಮೀಯಿಸಿ ದತ್ತಾತ್ರೇಯನ ಗುಡಿಗೆ ಒಯ್ಯುವ ರೂಢಿ ಬಹಳ ಹಳೆಯದು. ಆಳಂದದ ಲಾಡ್ಲೆ ಮಶಾಯಕ್ ದರ್ಗಾಕ್ಕೂ ಹಿಂದೂ ಮುಸ್ಲಿಮರೆನ್ನದೆ ಹರಕೆ ಹೊತ್ತು ಬರುತ್ತಾರೆ. ಬೆಳಗಿನ ಜಾವದ ತಲೆನೋವು, ವಾಂತಿ, ಫಿಟ್ಸ್, ಇದ್ದಕ್ಕಿದ್ದಂತೆ ಬದಲಾದ ಸ್ವಭಾವ: ಮೆದುಳಿನ ಗಡ್ಡೆಯ ಗುರುತುಗಳೂ ಇವೇ. ಹಾಗೆ ಬಂದವರಲ್ಲಿ ಎಷ್ಟು ಜನರ ತಲೆಯೊಳಗೆ ಗಡ್ಡೆಯಿತ್ತೋ, ಲೆಕ್ಕ ಇಟ್ಟವರಿಲ್ಲ. ದುವಾ ಬೇಡವೆಂದು ನಾನು ಹೇಳಲಾರೆ. ಆದರೆ ಗಡ್ಡೆ ದುವಾ ಮುಗಿಯುವತನಕ ಕಾಯುವುದಿಲ್ಲ.

ವೈದ್ಯರಿಗಾದರೂ ಇದು ತಡವಾಗಿ ದಕ್ಕಿದ ವಿದ್ಯೆ. ಸಾವಿರ ವರ್ಷಗಳ ಹಿಂದೆ ಅಂದಲೂಸಿನ ಅಲ್ ಜಹ್ರಾವಿ ಶಸ್ತ್ರಗಳ ಚಿತ್ರ ಬರೆದು ಚಿಕಿತ್ಸೆ ವಿವರಿಸಿದ್ದ. ಹೊರಗೆ ಕಾಣದ ಗಡ್ಡೆಯನ್ನು ಕೈಕಾಲಿನ ಲಕ್ಷಣದಿಂದಲೇ ಗುರುತಿಸಿ ತೆಗೆದದ್ದು 1884ರಲ್ಲಿ, ಲಂಡನ್ನಿನಲ್ಲಿ. ಬೆನೆಟ್ ಜಾಗ ಹೇಳಿದರು, ಗಾಡ್ಲಿ ಕೊಯ್ದರು. ರೋಗಿ ತಿಂಗಳೊಳಗೆ ಸೋಂಕಿನಿಂದ ತೀರಿಕೊಂಡ. ಮೂರು ವರ್ಷದ ನಂತರ ಹಾರ್ಸ್ಲಿ ಒಬ್ಬ ಕ್ಯಾಪ್ಟನ್‌ನ ಬೆನ್ನುಹುರಿಯ ಗಡ್ಡೆ ತೆಗೆದಾಗ, ಸತ್ತಂತಿದ್ದ ಕಾಲುಗಳಿಗೆ ಜೀವ ಬಂತು. ಆತ ಮತ್ತೆ ನಡೆದ, ದುಡಿದ.

ನಮ್ಮ ದೇಶದಲ್ಲಿ ಜೇಕಬ್ ಚಾಂಡಿ 1949ರಲ್ಲಿ ವೆಲ್ಲೂರಿನಲ್ಲಿ, ಮಾರ್ತಾಂಡ ವರ್ಮ 1958ರಲ್ಲಿ ಬೆಂಗಳೂರಿನಲ್ಲಿ ನರಶಸ್ತ್ರಚಿಕಿತ್ಸಾ ವಿಭಾಗ ಕಟ್ಟಿದರು. 1956ರವರೆಗೆ ನಮ್ಮ ರಾಜಧಾನಿ ಹೈದರಾಬಾದ್. ಆಮೇಲೆ ಕಾಗದದ ಮೇಲೆ ಬೆಂಗಳೂರಾಯಿತು, ರೋಗಿಗಳು ಮಾತ್ರ ಸೊಲ್ಲಾಪುರ, ಹೈದರಾಬಾದಿನ ಹಾದಿ ಬಿಡಲಿಲ್ಲ. ಬೆಂಗಳೂರೆಂದರೆ ರೈಲಿನಲ್ಲಿ ಒಂದು ಇಡೀ ರಾತ್ರಿ. 1974ರಲ್ಲಿ ನಿಮ್ಹಾನ್ಸ್ ಆದ ಸಂಸ್ಥೆಗೆ ಜನರ ಬಾಯಲ್ಲಿ ಹುಚ್ಚಾಸ್ಪತ್ರೆ ಎಂಬ ಹೆಸರು ಉಳಿದೇ ಇತ್ತು. ಮದುವೆಗೆ ಬಂದ ಮಗಳಿರುವ ಮನೆಯವರು ಅಲ್ಲಿಗೆ ಹೋದದ್ದನ್ನು ಬಚ್ಚಿಡುತ್ತಿದ್ದರು.

ದುಡ್ಡಿನ ಗೋಡೆ ಸ್ವಲ್ಪ ಒಡೆದದ್ದು 2010ರಲ್ಲಿ. ಬಿಪಿಎಲ್ ಕುಟುಂಬಗಳಿಗಾಗಿ ವಾಜಪೇಯಿ ಆರೋಗ್ಯಶ್ರೀ ಮೊದಲು ಶುರುವಾದದ್ದೇ ಗುಲಬರ್ಗಾ ವಿಭಾಗದಲ್ಲಿ. ಕ್ಯಾನ್ಸರ್, ನರರೋಗಗಳ ದೊಡ್ಡ ಆಪರೇಷನ್ನುಗಳು ಅದರೊಳಗೆ ಬಂದವು. 2018ರಲ್ಲಿ ಅದು ಆರೋಗ್ಯ ಕರ್ನಾಟಕದೊಳಗೆ ಸೇರಿತು.

ಆಪರೇಷನ್ ಆದ ಮೇಲಿನ ಬದುಕನ್ನು ಯಾವ ಯೋಜನೆಯೂ ಪೂರ್ತಿ ಹೊರುವುದಿಲ್ಲ. ಬೆನ್ನುಹುರಿಯ ಗಡ್ಡೆ ತೆಗೆಸಿಕೊಂಡು ಇನ್ನೂ ಕಾಲು ಆಡದವರನ್ನು ಎರಡೆರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಮೈ ಹುಣ್ಣಾಗುತ್ತದೆ. ಆ ಕೆಲಸ ಹೆಚ್ಚಾಗಿ ತಾಯಿಯದು, ಹೆಂಡತಿಯದು. ಫಿಟ್ಸಿನ ಗುಳಿಗೆ ಒಂದು ದಿನವೂ ತಪ್ಪುವಂತಿಲ್ಲ. ಜೇವರ್ಗಿಯ ತೊಗರಿ ಹೊಲಕ್ಕೆ ಮರಳಿದವನು ಒಬ್ಬನೇ ಬಾವಿಗೆ ಇಳಿಯಬಾರದು, ಟ್ರ್ಯಾಕ್ಟರ್ ನಡೆಸಬಾರದು, ಮತ್ತೆ ಸ್ಕ್ಯಾನಿಂಗಿಗೆ ಹೇಳಿದ ತಾರೀಖು ರಾಶಿಯ ದಿನಗಳಲ್ಲಿ ಬಂದರೂ ಹೋಗಲೇಬೇಕು.