ಬ್ಲಾಗ್: ಇತಿಹಾಸ

ವ್ಯಕ್ತಿಯೊಬ್ಬ ತನ್ನ ಬರಹಗಳನ್ನು ತಾನೇ ಅಂತರಜಾಲದಲ್ಲಿ ಪ್ರಕಟಿಸುವ, ಹೊಸತು ಮೇಲೆ ಹಳತು ಕೆಳಗೆ ಬರುವಂತೆ ಜೋಡಿಸಿದ ತಾಣ. ಸಂಪಾದಕನ ಕತ್ತರಿಯಿಲ್ಲ, ಪದಮಿತಿಯೂ ಇಲ್ಲ. ಅಮೆರಿಕದ ಸ್ವಾರ್ತ್‌ಮೋರ್ ಕಾಲೇಜಿನ ವಿದ್ಯಾರ್ಥಿ ಜಸ್ಟಿನ್ ಹಾಲ್ 1994ರಲ್ಲಿ ತೆರೆದ ಪುಟವನ್ನು ಇದರ ಮೊದಲ ಮಾದರಿಗಳಲ್ಲಿ ಒಂದೆಂದು ಗಣಿಸುತ್ತಾರೆ. 1997ರಲ್ಲಿ, ತಾನೂ ಒಂದು ತಾಣ ನಡೆಸುತ್ತಿದ್ದ ಜಾರ್ನ್ ಬಾರ್ಗರ್ ಇಂಥ ತಾಣಗಳನ್ನು ‘ವೆಬ್‌ಲಾಗ್’ ಎಂದು ಕರೆದ.

ಆಗ ಬರೆಯುವುದಕ್ಕಿಂತ ಪ್ರಕಟಿಸುವುದೇ ಕಷ್ಟವಾಗಿತ್ತು. ಪುಟಪುಟಕ್ಕೂ ಎಚ್‌ಟಿಎಂಎಲ್ ಸಂಕೇತಗಳನ್ನು ಕೈಯಾರೆ ಬರೆದು ಸರ್ವರ್‌ಗೆ ಏರಿಸಬೇಕಿತ್ತು. ಹಾಗಾಗಿ ಮೊದಲ ಬ್ಲಾಗಿಗರಲ್ಲಿ ಕಂಪ್ಯೂಟರ್ ಬಲ್ಲವರೇ ಹೆಚ್ಚು. 1998ರ ಓಪನ್ ಡೈರಿ, 1999ರ ಲೈವ್‌ಜರ್ನಲ್ ಮತ್ತು ಬ್ಲಾಗರ್ ಸೇವೆಗಳು ಈ ತೊಡಕನ್ನು ನಿವಾರಿಸಿದವು. ಓದುಗರು ಬರಹದ ಕೆಳಗೇ ಪ್ರತಿಕ್ರಿಯಿಸುವ ಸೌಲಭ್ಯ ಓಪನ್ ಡೈರಿಯಲ್ಲಿತ್ತು. 2000ದ ಹೊತ್ತಿಗೆ ಪ್ರತಿ ಬರಹಕ್ಕೂ ಅದರದೇ ಆದ ಕಾಯಂ ವಿಳಾಸ, ಅಂದರೆ ಪರ್ಮಾಲಿಂಕ್, ಬಂತು. ಅದಕ್ಕೆ ಮೊದಲು ಸಾಮಾನ್ಯವಾಗಿ ಮುಖಪುಟಕ್ಕೆ ಕೊಂಡಿ ಕೊಡುತ್ತಿದ್ದರು. ನಾಲ್ಕು ದಿನ ಕಳೆದು ಬರಹ ಕೆಳಗೆ ಜಾರಿದರೆ ಕೊಂಡಿ ವ್ಯರ್ಥ. ಒಬ್ಬರ ಮಾತಿಗೆ ಇನ್ನೊಬ್ಬರು ತಮ್ಮ ಬ್ಲಾಗಿನಲ್ಲಿ ಉತ್ತರಿಸಿ ವಾದ ಬೆಳೆಸಲು ದಾರಿಯಾದದ್ದು ಈ ಸಣ್ಣ ಸೌಲಭ್ಯದಿಂದಲೇ. ಬ್ಲಾಗನ್ನು ಬರೀ ದಿನಚರಿಯಾಗಿ ಉಳಿಯಗೊಡದ ಹೆಜ್ಜೆ ಇದು. 2003ರಲ್ಲಿ ಗೂಗಲ್ ಸಂಸ್ಥೆ ಬ್ಲಾಗರನ್ನು ಕೊಂಡಿತು. ಅದೇ ವರ್ಷ ಮುಕ್ತ ತಂತ್ರಾಂಶವಾದ ವರ್ಡ್‌ಪ್ರೆಸ್ ಬಂತು.

ಕನ್ನಡದವರಿಗೆ ಇನ್ನೊಂದು ತಡೆಯಿತ್ತು: ಲಿಪಿ. ಬರೆದವರ ಫಾಂಟ್ ಓದುವವರ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ತೆರೆಯ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಮೂಡುತ್ತಿದ್ದವು. ಎಲ್ಲ ಲಿಪಿಗಳಿಗೂ ಸಮಾನ ಸಂಕೇತ ವ್ಯವಸ್ಥೆಯಾದ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿದ್ದರೂ ಅದು ಮನೆಮನೆಯ ಕಂಪ್ಯೂಟರಿಗೆ ಇಳಿಯತೊಡಗಿದ್ದು 2001ರ ವಿಂಡೋಸ್ ಎಕ್ಸ್‌ಪಿಯ ನಂತರ. ಅದರಲ್ಲೂ ಭಾರತೀಯ ಲಿಪಿಗಳ ಬೆಂಬಲವನ್ನು ಪ್ರತ್ಯೇಕವಾಗಿ ಅಳವಡಿಸಿಕೊಳ್ಳಬೇಕಿತ್ತು. ಬಳಿಕ ಬೆಂಗಳೂರಿನ ಮತ್ತು ಹೊರದೇಶಗಳ ಕನ್ನಡಿಗ ಉದ್ಯೋಗಿಗಳು ಹರಟೆ, ಪ್ರವಾಸ, ಊರಿನ ನೆನಪುಗಳನ್ನು ಧಾರಾಳವಾಗಿ ಬರೆದರು. ಪತ್ರಿಕೆಗಳಲ್ಲಿ ಸೊರಗುತ್ತಿದ್ದ ಲಲಿತ ಪ್ರಬಂಧ ಇಲ್ಲಿ ಚೇತರಿಸಿಕೊಂಡಿತೆಂದರೆ ಉತ್ಪ್ರೇಕ್ಷೆಯಲ್ಲ.

2006ರ ಜುಲೈನಲ್ಲಿ, ಮುಂಬೈ ರೈಲು ಸ್ಫೋಟಗಳ ಬೆನ್ನಿಗೆ, ಕೆಲವೇ ಪುಟಗಳನ್ನು ತಡೆಯುವಂತೆ ಕೇಂದ್ರ ಸರ್ಕಾರ ಸೂಚಿಸಿತು. ಆದರೆ ಅಂತರಜಾಲ ಸೇವೆ ನೀಡುವ ಕಂಪನಿಗಳು ಬ್ಲಾಗರ್ ಸೇವೆಯ ಬ್ಲಾಗುಗಳಿದ್ದ ಬ್ಲಾಗ್‌ಸ್ಪಾಟ್ ತಾಣವನ್ನು ಇಡಿಯಾಗಿ ಮುಚ್ಚಿದವು. ಪ್ರತಿಭಟನೆಯ ನಂತರ ತಡೆ ಸಡಿಲಿತು.

ಮುಂದೆ ಫೇಸ್‌ಬುಕ್, ಟ್ವಿಟರ್‌ಗಳು ಬರೆಯುವವರನ್ನೂ ಓದುವವರನ್ನೂ ಸೆಳೆದವು. ಹಲವು ಬ್ಲಾಗುಗಳ ಹೊಸ ಬರಹಗಳನ್ನು ಒಂದೆಡೆ ತರುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ನಿಂತಿತು. ಅದಕ್ಕೆ ಆಧಾರವಾಗಿದ್ದ ಆರ್‌ಎಸ್‌ಎಸ್ ತಂತ್ರ ಮಾತ್ರ ಉಳಿದಿದೆ. ಪಾಡ್‌ಕಾಸ್ಟ್‌ಗಳ ಹೊಸ ಕಂತುಗಳು ಕೇಳುಗರನ್ನು ತಲುಪುವುದು ಇಂದಿಗೂ ಬಹುಪಾಲು ಅದರ ಮೂಲಕವೇ.