ದವಾ ಮತ್ತು ದುಆ: ಮನಸ್ಸು ಕೆಟ್ಟವರ ಪರವಾಗಿ ನಿಂತವರು

ಗುರುವಾರ ಮಗ್ರಿಬ್ ನಮಾಝ್ ಮುಗಿದ ಮೇಲೆ ನಮ್ಮ ಮಸೀದಿಯ ಬಾಗಿಲಲ್ಲಿ ಮಂದಿ ಸಾಲಾಗಿ ನಿಲ್ಲುತ್ತಾರೆ. ಯಾದಗಿರಿಯಲ್ಲೂ ಇದೇ, ಶಹಾಪುರ, ಸುರಪುರದಲ್ಲೂ ಇದೇ. ಕೈಯಲ್ಲಿ ನೀರಿನ ಬಾಟಲಿ, ಕಂಕುಳಲ್ಲಿ ಕೂಸು. ಹಿಂದೂ ತಾಯಂದಿರೂ ಬರುತ್ತಾರೆ. ನಾವು ಸೂರಾ ಫಾತಿಹಾ ಓದಿ ಊದುತ್ತೇವೆ, ದುಆ ಮಾಡುತ್ತೇವೆ. ಇದರಲ್ಲಿ ತಪ್ಪೇನಿಲ್ಲ. ಆದರೆ ಎಲ್ಲರೂ ಹೋಗುವವರೆಗೆ ಕಾದು, ತಲೆಯ ಮೇಲೆ ಸೆರಗು ಎಳೆದುಕೊಂಡು ಕೊನೆಗೆ ಒಬ್ಬ ತಾಯಿ ಬರುತ್ತಾಳೆ. “ಹಜರತ್, ಹುಡುಗ ಮೂರು ತಿಂಗಳಿಂದ ಒಬ್ಬನೇ ಮಾತಾಡ್ತಾನ. ನಿದ್ದಿ ಇಲ್ಲ. ಗಾಳಿ ಹಾಯ್ದದ ಅಂತಾರ್ರಿ.”

ಇಮಾಮತ್ತಿನ ಮೊದಲ ವರ್ಷಗಳಲ್ಲಿ ಇಂಥವರಿಗೆ ನಾವು ತಾಯತ ಬರೆದುಕೊಟ್ಟು ಕಳಿಸುತ್ತಿದ್ದೆವು. ಹಾಗೆ ಹೋದ ಒಬ್ಬ ಹುಡುಗ ವೈದ್ಯರ ಮುಂದೆ ಕೂತದ್ದು ಎರಡು ವರ್ಷದ ನಂತರ. ಅಷ್ಟರಲ್ಲಿ ಓದು ನಿಂತಿತ್ತು, ಕಾಲಿನಲ್ಲಿ ಹಗ್ಗದ ಗಾಯವಿತ್ತು. “ಇಷ್ಟು ದಿನ ಎಲ್ಲಿದ್ದಿರಿ?” ಎಂದು ವೈದ್ಯರು ಕೇಳಿದರು. ತಾಯಿ ಉತ್ತರ ಕೊಡದೆ ನಮ್ಮ ಮುಖ ನೋಡಿದಳು. ಈ ಸಲದ ಜುಮಾ ಖುತ್ಬಾದಲ್ಲಿ ಇದೇ ವಿಷಯ ಎತ್ತಿಕೊಂಡದ್ದು ಆ ನೋಟದ ಕಾರಣಕ್ಕೆ. ಖುತ್ಬಾದಲ್ಲಿ ಹೇಳಲು ಸಮಯ ಸಾಲದ ಇತಿಹಾಸವನ್ನು ಇಲ್ಲಿ ಬರೆಯುತ್ತಿದ್ದೇವೆ.

ಹಝ್ರತ್ ಉಮರ್(ರ)ರ ಖಿಲಾಫತ್ತಿನ ಕಾಲ. ವ್ಯಭಿಚಾರದ ಆರೋಪದ ಮೇಲೆ ಒಬ್ಬ ಸ್ತ್ರೀಯನ್ನು ತರಲಾಯಿತು. ಆಕೆಗೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ. ಸಮಾಲೋಚನೆ ನಡೆದು ಶಿಕ್ಷೆಯೂ ತೀರ್ಮಾನವಾಯಿತು. ಶಿಕ್ಷೆಗೆಂದು ಕರೆದೊಯ್ಯುತ್ತಿದ್ದಾಗ ಹಝ್ರತ್ ಅಲೀ(ರ) ಎದುರಾದರು. ವಿಷಯ ತಿಳಿದು ಆಕೆಯನ್ನು ಹಿಂದಕ್ಕೆ ಕರೆತರಲು ಹೇಳಿದರು. ಮಲಗಿರುವವನು ಏಳುವ ತನಕ, ಮಗು ಪ್ರಾಯಕ್ಕೆ ಬರುವ ತನಕ, ಬುದ್ಧಿ ಕಳೆದವನಿಗೆ ಅದು ಮರಳುವ ತನಕ ಕರ್ಮ ಬರೆಯುವ ಲೇಖನಿ ಎತ್ತಲ್ಪಟ್ಟಿದೆ ಎಂಬ ಪ್ರವಾದಿ(ಸ)ರ ಮಾತನ್ನು ಖಲೀಫರಿಗೆ ನೆನಪಿಸಿದರು. ಉಮರ್(ರ) ಆಕೆಯನ್ನು ಬಿಟ್ಟುಬಿಟ್ಟರು. ಅಬೂದಾವೂದ್ ಗ್ರಂಥದಲ್ಲಿ ಈ ವೃತ್ತಾಂತವಿದೆ. ಇದನ್ನು ನಾವು ಸಾಮಾನ್ಯವಾಗಿ ಫಿಕ್ಹ್ ಪಾಠದಲ್ಲಿ ಓದಿ ಮುಂದೆ ಹೋಗುತ್ತೇವೆ. ಆದರೆ ತನ್ನ ಪರವಾಗಿ ಮಾತಾಡಲಾರದ ಒಬ್ಬಳಿಗಾಗಿ ಅಧಿಕಾರದ ಮುಂದೆ ನಿಂತು ವಾದಿಸಿದವರು ಇಲ್ಲಿದ್ದಾರೆ. ವಾದ ಒಪ್ಪಿ ಆಜ್ಞೆ ಹಿಂತೆಗೆದುಕೊಂಡ ಖಲೀಫರೂ ಇದ್ದಾರೆ.

ಪ್ರವಾದಿ(ಸ)ರ ನಡೆಯೂ ಹೀಗೇ ಇತ್ತು. ಮನಸ್ಸು ಸರಿಯಿಲ್ಲದ ಒಬ್ಬ ಹೆಂಗಸು ಬಂದು ತಮ್ಮಲ್ಲಿ ಕೆಲಸವಿದೆ ಎಂದಾಗ, ನಿನಗೆ ಇಷ್ಟವಾದ ಬೀದಿ ಆರಿಸಿಕೋ ಎಂದರು. ಆಕೆಯ ಜೊತೆ ಹೋಗಿ, ಮಾತು ಮುಗಿಯುವವರೆಗೆ ಅಲ್ಲೇ ನಿಂತರು. ಇದು ಮುಸ್ಲಿಮ್ ಗ್ರಂಥದಲ್ಲಿದೆ.

ಮುಂದಿನ ಶತಮಾನಗಳಲ್ಲಿ ಈ ಕಾಳಜಿಗೆ ಕಟ್ಟಡಗಳೂ ಬಂದವು. ಡಮಾಸ್ಕಸ್ಸಿನ ನೂರಿ ಬೀಮಾರಿಸ್ತಾನ್ 1154ರದು, ಕೈರೋದ ಮನ್ಸೂರಿ 1284ರದು. ಅಲೆಪ್ಪೋದಲ್ಲಿ 1354ರಲ್ಲಿ ಕಟ್ಟಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗಾಗಿ ಕೋಣೆಗಳಿದ್ದವು, ನಡುವೆ ನೀರಿನ ಕೊಳವಿತ್ತು. ಇವೆಲ್ಲ ನಡೆದದ್ದು ವಕ್ಫ್ ಆದಾಯದಿಂದ. ಇನ್ನೂ ಮುಂಚೆ, ಹತ್ತನೇ ಶತಮಾನದಲ್ಲಿ ತೀರಿಕೊಂಡ ಅಬೂ ಝೈದ್ ಅಲ್-ಬಲ್ಖಿ ಎಂಬ ವಿದ್ವಾಂಸರು ದೇಹದಂತೆ ಮನಸ್ಸಿಗೂ ಕಾಯಿಲೆ ಬರುತ್ತದೆ, ಅದಕ್ಕೂ ಆರೈಕೆ ಬೇಕು ಎಂದು ಪುಸ್ತಕವನ್ನೇ ಬರೆದಿದ್ದರು. ಎಲ್ಲವೂ ಚೆನ್ನಾಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. 1184ರಲ್ಲಿ ಡಮಾಸ್ಕಸ್ಸಿಗೆ ಬಂದ ಯಾತ್ರಿಕ ಇಬ್ನ್ ಜುಬೈರ್ ಅಲ್ಲಿನ ಆಸ್ಪತ್ರೆಯನ್ನು ಹೊಗಳುತ್ತಲೇ, ಬುದ್ಧಿಭ್ರಮಣೆಯವರಿಗೆ ಸರಪಳಿ ಹಾಕಿದ್ದನ್ನೂ ಬರೆದಿದ್ದಾರೆ.

ದೂರದ ಮಾತೇಕೆ, ನಮ್ಮ ಬೀದರನ್ನೇ ನೋಡಿ. 1436ರಿಂದ 1458ರವರೆಗೆ ಆಳಿದ ಬಹಮನಿ ಸುಲ್ತಾನ ಅಲಾಉದ್ದೀನ್ ಅಹ್ಮದ್ ಷಾ ಅಲ್ಲಿ ದೊಡ್ಡ ಆಸ್ಪತ್ರೆ ಕಟ್ಟಿಸಿದ. ರೋಗಿಗಳ ಔಷಧಿ, ಊಟದ ಖರ್ಚಿಗೆ ಹಳ್ಳಿಗಳ ಆದಾಯ ಬಿಟ್ಟುಕೊಟ್ಟ. ಹಿಂದೂ ವೈದ್ಯರನ್ನೂ ಮುಸ್ಲಿಮ್ ಹಕೀಮರನ್ನೂ ನೇಮಿಸಿದ ಎಂದು ಇತಿಹಾಸಕಾರ ಫರಿಶ್ತಾ ದಾಖಲಿಸಿದ್ದಾನೆ. ದುಆ ಇದ್ದಾಗ ದವಾ ಏಕೆ ಎಂದು ಆ ಕಾಲದವರು ಕೇಳಲಿಲ್ಲ. ಅಲ್ಲಾಹನು ಕಾಯಿಲೆಯ ಜೊತೆ ಅದರ ಮದ್ದನ್ನೂ ಇಳಿಸಿದ್ದಾನೆ ಎಂಬ ಹದೀಸ್ ಅವರಿಗೆ ಗೊತ್ತಿತ್ತು.

ಆ ದಾರಿ ಎಷ್ಟು ಮರೆತುಹೋಯಿತು ಎಂಬುದು ಗೊತ್ತಾದದ್ದು 2001ರ ಆಗಸ್ಟ್ 6ರಂದು. ತಮಿಳುನಾಡಿನ ಎರ್ವಾಡಿ ದರ್ಗಾದ ಬಳಿ ಖಾಸಗಿಯವರು ನಡೆಸುತ್ತಿದ್ದ ‘ಮನೆ’ಯೊಂದರ ಗುಡಿಸಲಿಗೆ ಬೆಳಗಿನ ಜಾವ ಬೆಂಕಿ ಬಿತ್ತು. ಒಳಗಿದ್ದವರು ಮನೋರೋಗಿಗಳು, ಸರಪಳಿಯಲ್ಲಿ ಕಟ್ಟಿಹಾಕಲ್ಪಟ್ಟವರು. ಓಡಲು ಆಗಲಿಲ್ಲ. 28 ಜನ ಸತ್ತರು. ಅವರನ್ನು ಅಲ್ಲಿ ಬಿಟ್ಟುಬಂದವರು ಕ್ರೂರಿಗಳೇನಲ್ಲ. ಬೇರೆ ದಾರಿ ಕಾಣದ ತಂದೆ-ತಾಯಂದಿರು, ಅಣ್ಣ-ತಮ್ಮಂದಿರು. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಇಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಕಲಮಿನಂತೆ ಮನೋರೋಗಿಗೆ ಯಾವ ರೂಪದಲ್ಲೂ ಸರಪಳಿ ಹಾಕುವಂತಿಲ್ಲ. ಬಡವರಿಗೆ, ಬಿಪಿಎಲ್ ಕಾರ್ಡ್ ಇರಲಿ ಬಿಡಲಿ, ಸರ್ಕಾರಿ ಚಿಕಿತ್ಸೆ ಉಚಿತ. ಕಾನೂನು ನೆರವೂ ಉಚಿತ.

ಬೇರೆ ದಾರಿಯೂ ಇತ್ತು, ಅದು ನಮ್ಮ ಪಕ್ಕದಲ್ಲೇ ಹುಟ್ಟಿತ್ತು. ದೊಡ್ಡ ಊರಿನ ಆಸ್ಪತ್ರೆಗೆ ರೋಗಿಯನ್ನು ಒಯ್ಯುವ ಬದಲು ಚಿಕಿತ್ಸೆಯನ್ನೇ ಹಳ್ಳಿಗೆ ತರಬಹುದೇ ಎಂದು ನೋಡಲು ಬೆಂಗಳೂರಿನ ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮನೆಮನೆಗೆ ಹೋಗುವ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು, ಮಾತ್ರೆಗಳನ್ನು ಅಲ್ಲೇ ಸಿಗುವಂತೆ ಮಾಡಿದರು. ಅದು ನಡೆಯುತ್ತದೆ ಎಂದು ಖಾತ್ರಿಯಾದ ಮೇಲೆ, 1996ರಲ್ಲಿ ಅದೇ ಮಾದರಿಯ ಮೇಲೆ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಕಲ್ಯಾಣ ಕರ್ನಾಟಕವೆಂದರೆ ಹಿಂದುಳಿದದ್ದು ಎನ್ನುವವರಿಗೆ ಬಳ್ಳಾರಿಯ ಈ ಸಂಗತಿ ಹೇಳಬೇಕು.

ಗುಜರಾತಿನ ಉನಾವಾದಲ್ಲಿ ಮೀರಾ ದಾತಾರ್ ದರ್ಗಾ ಇದೆ. ಎರ್ವಾಡಿಯ ನಂತರದ ವರ್ಷಗಳಲ್ಲಿ ಅಲ್ಲಿ ‘ದವಾ ಮತ್ತು ದುಆ’ ಎಂಬ ಕೆಲಸ ಶುರುವಾಯಿತು. ದರ್ಗಾದ ಆವರಣದಲ್ಲೇ ಮನೋವೈದ್ಯರು ಕೂರುತ್ತಾರೆ. ಮುಜಾವರರು ದುಆ ಮಾಡಿ, ಆಮೇಲೆ ವೈದ್ಯರ ಬಳಿಗೆ ಕಳಿಸುತ್ತಾರೆ. ಮುಜಾವರರು ಹೇಳಿದರೆ ಮಂದಿ ಕೇಳುತ್ತಾರೆ. ನಮ್ಮ ಊರುಗಳಲ್ಲಿ ಆ ಮಾತು ಮೌಲಾನಾಗಳ ಬಾಯಲ್ಲಿದೆ. ಅದನ್ನು ನಾವು ಇಷ್ಟು ವರ್ಷ ಸರಿಯಾಗಿ ಬಳಸಲಿಲ್ಲ.

ಈಗ ನಮ್ಮ ಮಸೀದಿಯಲ್ಲಿ ಮಾಡುತ್ತಿರುವುದು ಇಷ್ಟೇ. ಗುರುವಾರ ಓದುವುದನ್ನು ಓದುತ್ತೇವೆ. ನಿದ್ದೆ ಬಿಟ್ಟವರು, ಕಾಣದ ದನಿ ಕೇಳುವವರು, ಸಾಯುವ ಮಾತಾಡುವವರು ಬಂದರೆ ತಾಯತ ಕೊಟ್ಟು ಕಳಿಸುವುದಿಲ್ಲ, ಆಸ್ಪತ್ರೆಗೆ ಕಳಿಸುತ್ತೇವೆ. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಯೋಜನೆಯ ಮಂಗಳವಾರದ ಕ್ಲಿನಿಕ್ ಯಾವಾಗ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿದರೆ ತಿಳಿಯುತ್ತದೆ. ಹೊರಗೆ ಬರಲು ನಾಚಿಕೊಳ್ಳುವವರು ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಲಿ. ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಸ್ವಲ್ಪ ಗುಣವಾದ ಕೂಡಲೇ ಮಾತ್ರೆ ಬಿಡುವುದು ನಮ್ಮ ಮನೆಗಳ ದೊಡ್ಡ ತಪ್ಪು. ರಮಝಾನಿನಲ್ಲೂ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ರೋಗಿಗೆ ಉಪವಾಸದಿಂದ ರಿಯಾಯಿತಿ ಕೊಟ್ಟದ್ದು ಕುರ್‌ಆನೇ.

ಒಬ್ಬರೇ ಹೋಗಲು ಧೈರ್ಯ ಸಾಲದಿದ್ದರೆ ಮಂಗಳವಾರ ಫಜ್ರ್ ನಮಾಝಿನ ಹೊತ್ತಿಗೆ ಮಸೀದಿಗೆ ಬನ್ನಿ. ಕಮಿಟಿಯ ಇಬ್ಬರು ಯುವಕರು ಇರುತ್ತಾರೆ, ನಾವೂ ಜೊತೆ ಬರುತ್ತೇವೆ. ಚೀಟಿ ಮಾಡಿಸುವಾಗ ಆಧಾರ್ ಕೇಳುತ್ತಾರೆ, ಮರೆಯದೆ ತನ್ನಿ.