ಜಡ್ಜ್ ಸಾಹೇಬರು ಪಾಠಕ್ಕೆ ಕೂತರು

ಮದುವೆ ಬೇಡ ಅನ್ನುವ ಮಗನಿಗೆ ಗಂಡಸರ ಮೇಲೇ ಮನಸ್ಸು ಅಂತ ಗೊತ್ತಾದರೆ ಮನೆಯವರು ಏನು ಮಾಡುತ್ತಾರೆ? ಕೆಲವರು ದೇವರ ಹತ್ತಿರ ಹೋಗುತ್ತಾರೆ, ಕೆಲವರು ಡಾಕ್ಟರ ಹತ್ತಿರ. ‘ಸರಿ ಮಾಡಿಕೊಡಿ’ ಅನ್ನುತ್ತಾರೆ. ಡಾಕ್ಟರ ಉತ್ತರ ಅವರು ಕಾಲೇಜಿನಲ್ಲಿ ಓದಿದ್ದರ ಮೇಲೆ ನಿಂತಿರುತ್ತದೆ. ಆ ಓದೇ ಬಹಳ ಕಾಲ ತಪ್ಪಾಗಿತ್ತು.

ಸಲಿಂಗ ಪ್ರೇಮವನ್ನು ಅಮೆರಿಕದ ಮನೋವೈದ್ಯರ ಸಂಘ ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ತೆಗೆದದ್ದು 1990ರಲ್ಲಿ. ನಮ್ಮ ಸುಪ್ರೀಂ ಕೋರ್ಟ್ 2018ರಲ್ಲಿ ಅದು ಅಪರಾಧವಲ್ಲ ಎಂದಿತು. ಆದರೂ ಎಂಬಿಬಿಎಸ್‌ನ ಪಾಠದಲ್ಲಿ ಅದು ಲೈಂಗಿಕ ಅಪರಾಧಗಳ ಸಾಲಿನಲ್ಲೇ ಉಳಿದಿತ್ತು.

2021ರಲ್ಲಿ ಮದುರೈನ ಇಬ್ಬರು ಯುವತಿಯರು ಮದ್ರಾಸ್ ಹೈಕೋರ್ಟ್ ಮೆಟ್ಟಿಲೇರಿದರು. ಒಟ್ಟಿಗೆ ಬಾಳಬೇಕೆಂದು ಮನೆ ಬಿಟ್ಟು ಚೆನ್ನೈಗೆ ಬಂದಿದ್ದರು. ಹೆತ್ತವರು ‘ಕಾಣೆಯಾಗಿದ್ದಾರೆ’ ಎಂದು ದೂರು ಕೊಟ್ಟಿದ್ದರು, ಪೊಲೀಸರು ಹುಡುಕುತ್ತಿದ್ದರು. ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಎರಡೂ ಕಡೆಯವರನ್ನು ಮನಃಶಾಸ್ತ್ರಜ್ಞೆ ವಿದ್ಯಾ ದಿನಕರನ್ ಬಳಿ ಮಾತಿಗೆ ಕಳಿಸಿದರು. ಆಮೇಲೆ, ಈ ವಿಷಯ ತಮಗೇ ಪೂರ್ತಿ ತಿಳಿದಿಲ್ಲವೆಂದು ಒಪ್ಪಿಕೊಂಡು, ತಾವೂ ಅವರ ಮುಂದೆ ಕಲಿಯಲು ಕೂತರು. ಗೊತ್ತಿಲ್ಲ ಅಂತ ಒಪ್ಪಿಕೊಳ್ಳುವುದು ಸಣ್ಣ ಮಾತೇ? ನಮ್ಮಲ್ಲಿ ಪಂಚಾಯಿತಿ ಸದಸ್ಯರೂ ಒಪ್ಪಿಕೊಳ್ಳುವುದಿಲ್ಲ.

ಜೂನ್ 7ರಂದು ಆದೇಶ ಬಂತು. ಪೊಲೀಸರು, ಜಡ್ಜರು, ಡಾಕ್ಟರು, ಆಪ್ತಸಮಾಲೋಚಕರು, ಮೇಷ್ಟ್ರುಗಳು ಎಲ್ಲರಿಗೂ ಈ ಬಗ್ಗೆ ತಿಳುವಳಿಕೆ ಕೊಡಬೇಕು, ಹೆತ್ತವರಿಗೂ ಕೊಡಬೇಕು, ‘ಬದಲಾಯಿಸುತ್ತೇವೆ’ ಎನ್ನುವ ಚಿಕಿತ್ಸೆ ಕೂಡದು. ಅದರ ಬೆನ್ನಿಗೇ ರಾಷ್ಟ್ರೀಯ ವೈದ್ಯಕೀಯ ಆಯೋಗ ಪಠ್ಯ ತಿದ್ದಲು ಹೊರಟಿತು. 2022ರಲ್ಲಿ, ಅಂಥ ಚಿಕಿತ್ಸೆ ಕೊಡುವುದು ವೃತ್ತಿಗೇಡು ಎಂದು ಎಲ್ಲ ರಾಜ್ಯಗಳ ವೈದ್ಯಕೀಯ ಮಂಡಳಿಗಳಿಗೆ ಬರೆಯಿತು. ಕರ್ನಾಟಕಕ್ಕೂ ಅದು ಅನ್ವಯ.

ಕತೆ ಅಲ್ಲಿಗೇ ಮುಗಿಯಲಿಲ್ಲ. 2024ರ ಆಗಸ್ಟ್ ಕೊನೆಯಲ್ಲಿ ಅದೇ ಆಯೋಗದ ಹೊಸ ಪಠ್ಯಕ್ರಮದಲ್ಲಿ ಸಲಿಂಗ ಸಂಬಂಧ ಮತ್ತೆ ‘ಅಸಹಜ ಅಪರಾಧ’ವಾಗಿ ಕಾಣಿಸಿಕೊಂಡಿತು. ಗಲಾಟೆಯಾಯಿತು, ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆದರು. ತಿದ್ದಿದ ಅಕ್ಷರ ಮತ್ತೆ ಹಳೆಯದಕ್ಕೆ ತಿರುಗಲು ಮೂರು ವರ್ಷ ಸಾಕಾಯಿತು.

ಹಳೆಯ ಪುಸ್ತಕ ಓದಿ ಪಾಸಾದವರು ಇವತ್ತೂ ತಾಲ್ಲೂಕು ಆಸ್ಪತ್ರೆಗಳಲ್ಲಿದ್ದಾರೆ. ಅವರಲ್ಲಿ ಒಳ್ಳೆಯವರು ಬೇಕಾದಷ್ಟು, ಆದರೆ ಈ ಪಾಠ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮುಂದಿನ ಸಲ ಆರೋಗ್ಯ ಇಲಾಖೆಯ ಸಭೆಗೆ ಸುದ್ದಿಗೆ ಹೋದಾಗ ನಾವು ಮೊದಲು ಕೇಳುವುದು ಇದನ್ನೇ: ನಮ್ಮ ಜಿಲ್ಲೆಯಲ್ಲಿ ಈ ತರಬೇತಿ ಯಾವತ್ತು ಆಯ್ತು, ಎಷ್ಟು ಜನ ಕೂತಿದ್ದರು?